ಆ ಮಾತು ಯಾರಿಗೆ ಹೇಳಿದ್ದು?

ಕೇಳುಗರಿಗೆ ನಮಸ್ಕಾರ.

‘ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು.’ ನಮ್ಮ ಬೀದರ ಸೀಮೆಯ ಸಭೆಗಳಲ್ಲಿ ಮದುವೆ ಮಾಡಿಸುವಾಗ ಈ ವಾಕ್ಯ ಓದದ ಪಾಸ್ಟರ್ ಇಲ್ಲ. ಮೂವತ್ತು ವರ್ಷ ನಾನೂ ಓದಿದ್ದೇನೆ. ಆದರೆ ಇದನ್ನು ಯೇಸುಸ್ವಾಮಿ ಯಾರಿಗೆ ಹೇಳಿದರು? ಗಂಡಸರಿಗೆ.

ಮತ್ತಾಯನ ಸುವಾರ್ತೆ, 19ನೆಯ ಅಧ್ಯಾಯ ತೆರೆಯಿರಿ. ಯಾವುದಾದರೂ ಒಂದು ಕಾರಣದಿಂದ ಹೆಂಡತಿಯನ್ನು ಬಿಡಬಹುದೇ ಎಂದು ಫರಿಸಾಯರು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಗಡದವರು, ಕೇಳುತ್ತಾರೆ. ಯೆಹೂದ್ಯ ಗುರು ಹಿಲ್ಲೇಲನ ಪಂಥದವರು ಅಡುಗೆ ಕೆಡಿಸಿದರೂ ಬಿಡಬಹುದು ಎನ್ನುತ್ತಿದ್ದ ಕಾಲ. ತ್ಯಾಗಪತ್ರ ಕೈಗಿಟ್ಟರೆ ಮುಗಿಯಿತು, ಅವಳು ಬೀದಿಪಾಲು. ಅಂಥವರನ್ನು ತಡೆಯಲು ಆಡಿದ ಮಾತು ಇದು.

ಒಂದು ವರ್ಷ ತೊಗರಿ ರಾಶಿಯ ದಿನಗಳಲ್ಲಿ ಹುಮನಾಬಾದ್ ಕಡೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಮಧ್ಯಾಹ್ನದ ಬಸ್ಸಿಗೆ ನಮ್ಮ ಮನೆಗೆ ಬಂದಳು. ಕೈಚೀಲದಲ್ಲಿ ಬೈಬಲ್ ಬಿಟ್ಟರೆ ಬೇರೇನೂ ಇರಲಿಲ್ಲ. ಸೆರಗಿಗೆ ಅಂಟಿದ ಹೊಟ್ಟನ್ನು ಆರಿಸುತ್ತ ಕುಳಿತಳು, ಮಾತಿಲ್ಲ. ನನ್ನ ಹೆಂಡತಿ ಒಳಗೆ ಕರೆದು ಜೋಳದ ರೊಟ್ಟಿ ಬಡಿಸಿದಳು. ಅದನ್ನು ಎಡಗೈಯಲ್ಲಿ ಮುರಿಯತೊಡಗಿದಾಗಲೇ ಬಲ ಮುಂಗೈ ಊದಿದ್ದು ಕಂಡಿತು. ಬೈಬಲ್ ತೆರೆದರೆ ಅದೇ ವಾಕ್ಯದ ಕೆಳಗೆ ಕೆಂಪು ಗೆರೆ. ‘ಗೆರೆ ಯಾರು ಎಳೆದರಮ್ಮ?’ ಎಂದೆ. ‘ಅವರೇ’ ಎಂದಳು. ಕುಡಿದು ಹೊಡೆದ ಮರುದಿನ ಅವಳಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದನಂತೆ!

‘ಅಯ್ಯನವರೇ, ಮನೆ ಬಿಟ್ಟು ಬಂದದ್ದು ಪಾಪವೇ?’

ನಾನು, ನಾಚಿಕೆಯಿಂದ ಹೇಳುತ್ತೇನೆ, ‘ಪ್ರಾರ್ಥನೆ ಮಾಡೋಣ’ ಎಂದೆ. ‘ಮೊದಲು ದವಾಖಾನೆ, ಆಮೇಲೆ ಪ್ರಾರ್ಥನೆ’ ಎಂದಳು ನನ್ನ ಹೆಂಡತಿ, ಒಲೆಯ ಮುಂದಿನಿಂದಲೇ. ವೇದಶಾಸ್ತ್ರ ಓದಿದವನು ನಾನು, ವಾಕ್ಯ ಅರ್ಥವಾದದ್ದು ಅವಳಿಗೆ. ಗಂಡಸರಿಗೆ ಹೇಳಿದ ಮಾತನ್ನು ಆ ಗಂಡಸು ಹೆಂಡತಿಯ ಕೈಗೆ ಕೋಳವಾಗಿ ತೊಡಿಸಿದ್ದ.

ಸಮಯ ಮುಗಿಯುತ್ತ ಬಂತು. ಕಾನೂನಿನದು ಬೇಗ ಹೇಳಿಬಿಡುತ್ತೇನೆ. ನಮ್ಮ ಕ್ರೈಸ್ತರ ವಿಚ್ಛೇದನ ಕಾಯ್ದೆ 1869ರದು. ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಹೆಂಡತಿಗೆ ಅದು ಸಾಲದು, ಜೊತೆಗೆ ಕ್ರೌರ್ಯವನ್ನೋ ತ್ಯಜಿಸಿ ಹೋದದ್ದನ್ನೋ ತೋರಿಸಬೇಕಿತ್ತು. ಬರೀ ಹೊಡೆತಕ್ಕೆ ಬಿಡುಗಡೆ ಇರಲಿಲ್ಲ. 2001ರಲ್ಲಿ ತಿದ್ದುಪಡಿಯಾಯಿತು. ಈಗ ಕ್ರೌರ್ಯವೊಂದೇ ಸಾಕು, ಇಬ್ಬರೂ ಒಪ್ಪಿದರೂ ಆಗುತ್ತದೆ. ಇನ್ನು ಕ್ಯಾಥೊಲಿಕ್ ಸಭೆಯ ನ್ಯಾಯಮಂಡಳಿ ಮದುವೆಯನ್ನು ಅಸಿಂಧುವೆಂದು ಸಾರಿದರೂ ಸರ್ಕಾರದ ಕಣ್ಣಿಗೆ ಅದು ಮುರಿಯುವುದಿಲ್ಲ. ಸುಪ್ರೀಂ ಕೋರ್ಟ್ 2017ರಲ್ಲಿ ಇದನ್ನೇ ಹೇಳಿತು. ಆದರೂ ಸಭೆಯ ಪತ್ರವೊಂದನ್ನೇ ಹಿಡಿದು ಎರಡನೆಯ ಮದುವೆಗೆ ದಿನ ಕೇಳಲು ಬರುವವರಿದ್ದಾರೆ. ದಯವಿಟ್ಟು ಬರಬೇಡಿ. ಕೋರ್ಟಿನ ಡಿಕ್ರಿ, ಅಂದರೆ ವಿಚ್ಛೇದನದ ತೀರ್ಪಿನ ಆದೇಶ, ತನ್ನಿ, ಆಮೇಲೆ ಕುಳಿತು ಮಾತಾಡೋಣ. ನಮಸ್ಕಾರ.