ಮೈನರ್‌ನ ಸಸ್ಪೆನ್ಷನ್ ಬಿಚ್ಚೋ ಮುಂಚೆ ಗ್ರೀಸ್ ಗನ್ ಹಿಡೀರಿ

ನಮಸ್ಕಾರ. ಇವತ್ತು ಕಾರ್ಬ್ಯುರೇಟರ್ ಬಗ್ಗೆ ಮಾತಾಡಬೇಕು ಅಂತ ಬರೆದಿಟ್ಟಿದ್ದೆ. ಅದನ್ನು ಮುಂದಿನ ವಾರಕ್ಕೆ ತಳ್ಳಿದ್ದೇನೆ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಮಾರಿಸ್ ಮೈನರ್ ಮುಂದಿನ ಸಸ್ಪೆನ್ಷನ್ನೇ ದಂಡ. ಟೆಲಿಸ್ಕೋಪಿಕ್ ಕಿಟ್ ತರಿಸಿ ಮನೇಲೇ ಹಾಕಿ. ಗ್ರೀಸ್ ಗನ್ ಗುಜರಿಗೆ ಹಾಕಿ." ಎರಡು ದಿನದಿಂದ ಈ ಮಾತು ನನ್ನ ತಲೆಯಲ್ಲೇ ಕೂತಿದೆ. ಗೊತ್ತಿಲ್ಲದವರಿಗೆ: ಮೈನರ್ ಅಂದರೆ ಹಳೆ ಬ್ರಿಟಿಷ್ ಕಾರು, ಟೆಲಿಸ್ಕೋಪಿಕ್ ಕಿಟ್ ಅಂದರೆ ಕೊಳವೆಯಂಥ ಹೊಸ ಶಾಕ್ ಅಬ್ಸಾರ್ಬರ್‌ಗಳು.

ಮೈನರ್‌ನ ಸಸ್ಪೆನ್ಷನ್ ದಂಡ ಅಲ್ಲ. ಅದಕ್ಕೆ ಗ್ರೀಸ್ ಬೇಕು, ಅಷ್ಟೇ.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ನೋಡಿ. ಚಕ್ರದ ಹಿಂದೆ ನೆಟ್ಟಗೆ ಒಂದು ಕಿಂಗ್ ಪಿನ್ ಇದೆ. ಅದರ ಮೇಲೂ ಕೆಳಗೂ ಥ್ರೆಡ್ ಇದೆ, ಬೋಲ್ಟಿಗೆ ಇರುತ್ತದಲ್ಲ, ಹಾಗೆ. ಆ ಥ್ರೆಡ್ಡಿಗೆ ನಟ್ಟಿನ ಹಾಗೆ ಕೂರುವುದೇ ಟ್ರನಿಯನ್. ನೀವು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಕಿಂಗ್ ಪಿನ್ ಆ ಥ್ರೆಡ್ಡಿನೊಳಗೇ ತಿರುಗುತ್ತದೆ. ಸ್ಪ್ರಿಂಗ್ ಬದಲು ಉದ್ದಕ್ಕೆ ಒಂದು ಉಕ್ಕಿನ ಸರಳು, ಅದೇ ಟಾರ್ಷನ್ ಬಾರ್. ಒದ್ದೆ ಬಟ್ಟೆ ಹಿಂಡಿದ ಹಾಗೆ ಅದು ತಿರುಚಿಕೊಂಡು ಕಾರಿನ ಭಾರ ಹೊರುತ್ತದೆ. ಆ ಭಾರ ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿನಿಂದ ಕೆಳಗಿನ ಟ್ರನಿಯನ್ನಿಗೆ ಬರುತ್ತದೆ. ಬೊಗಸೆಯಲ್ಲಿ ಹಿಡಿಯುವಷ್ಟು ಚಿಕ್ಕ ವಸ್ತು ಅದು! ಒಣ ಥ್ರೆಡ್ಡಲ್ಲಿ ಲೋಹಕ್ಕೆ ಲೋಹ ಉಜ್ಜಿದರೆ ಎಷ್ಟು ದಿನ ತಡೆಯುತ್ತೆ ಹೇಳಿ? ಗ್ರೀಸ್ ಬೇಡವಾ?

ಈ ಕಾರಿನ ವಿನ್ಯಾಸ ಮಾಡಿದ್ದು ಎಂಜಿನಿಯರ್ ಅಲೆಕ್ ಇಸಿಗೊನಿಸ್. 1959ರಲ್ಲಿ ಬಂದ ಮಿನಿ ಕಾರು ಕೂಡ ಇವರದೇ. ಮೈನರ್ ಬಂದಿದ್ದು 1948ರಲ್ಲಿ. ಮಾದರಿ ಕಾರು ಯಾಕೋ ಕಿರಿದಾಯ್ತು ಅಂತ ಅನ್ನಿಸಿ, ಅದನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿ, ನಡುವೆ ನಾಲ್ಕು ಇಂಚು ಸೇರಿಸಿದ ಮನುಷ್ಯ. ಅಷ್ಟು ನಿಷ್ಠುರವಾಗಿ ನೋಡುವ ಕಣ್ಣು. 16 ಲಕ್ಷದಷ್ಟು ಮೈನರ್‌ಗಳು ಓಡಿದ್ದು ಇದೇ ಸಸ್ಪೆನ್ಷನ್ ಮೇಲೆ. ನಮ್ಮ ಅಂಬಾಸಿಡರ್‌ನ ಮೂಲ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3, ಅದರ ಮುಂದೂ ಟಾರ್ಷನ್ ಬಾರೇ. ಅಂಬಾಸಿಡರ್ ಇಟ್ಟುಕೊಂಡವರೂ ಎದ್ದು ಹೋಗಬೇಡಿ, ಈ ಮಾತು ನಿಮಗೂ ಸೇರುತ್ತದೆ.

"ಆದರೆ ಅಣ್ಣಾ, ಮೈನರ್‌ನ ಚಕ್ರ ಮಡಚಿಕೊಂಡು ಬೀಳುತ್ತಲ್ಲ?" ಬೀಳುತ್ತೆ. ನನ್ನದೇ ಬಿದ್ದಿದೆ. ಮೈಸೂರಲ್ಲಿ, ನಮ್ಮ ಮನೆ ಗೇಟಲ್ಲಿ. ರಿವರ್ಸ್ ಹಾಕಿ ಸ್ಟೀರಿಂಗ್ ಪೂರ್ತಿ ತಿರುಗಿಸಿದ್ದೆ. ಟಕ್ ಅಂತ ಒಂದು ಸದ್ದು. ಕಾರು ಎಡಕ್ಕೆ ಮೊಣಕಾಲೂರಿದ ಎತ್ತಿನ ಹಾಗೆ ಕೂತುಬಿಟ್ಟಿತು. ಇಳಿದು ನೋಡಿದರೆ ಚಕ್ರ ಮಡ್‌ಗಾರ್ಡ್ ಕೆಳಗೆ ಮಲಗಿದೆ. ಹೆದ್ದಾರಿಯಲ್ಲಿ ಆಗಿದ್ದರೆ? ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೆ ಹದಿನೈದು ದಿನ ಮುಂಚೆ ಕಾರು ಸರ್ವಿಸ್‌ಗೆ ಹೋಗಿತ್ತು. ಬಿಲ್ಲಲ್ಲಿ "ಗ್ರೀಸಿಂಗ್" ಅಂತ ಬರೆದು ದುಡ್ಡೂ ತಗೊಂಡಿದ್ದರು. ನಾನು ಕೆಳಗಿನ ಟ್ರನಿಯನ್ನಿನ ನಿಪ್ಪಲ್, ಅಂದರೆ ಗ್ರೀಸ್ ಒಳಗೆ ಹೋಗುವ ಸಣ್ಣ ಬಾಯಿ, ಬಿಚ್ಚಿ ನೋಡಿದೆ. ಹೊರಗೆ ಪಳಪಳ ಒರೆಸಿದ್ದಾರೆ. ಒಳಗಿನ ತೂತು ಕಲ್ಲಾಗಿದೆ! ಸೂಜಿ ಹಾಕಿ ಕೆದಕಿದರೆ ಸುಟ್ಟ ಬೆಲ್ಲದಂಥ ಕಪ್ಪು ಪುಡಿ ಉದುರಿತು. ವರ್ಷಗಟ್ಟಲೆ ಒಂದು ತೊಟ್ಟು ಗ್ರೀಸ್ ಒಳಗೆ ಹೋಗಿಲ್ಲ. ಇದರಲ್ಲಿ ಇಸಿಗೊನಿಸ್ ತಪ್ಪೇನಿದೆ? ಗ್ರೀಸ್ ಹಾಕದವರ ತಪ್ಪು ಅದು!

ಈಗ ಕಿಟ್ ವಿಷಯ. ಕಿಟ್ ಪ್ರಿಯರೇ, ಸ್ವಲ್ಪ ಹತ್ತಿರ ಬನ್ನಿ. ನೀವು ದುಡ್ಡು ಸುರಿದು ಹಾಕಿಸುವ ಸಾಮಾನ್ಯ ಟೆಲಿಸ್ಕೋಪಿಕ್ ಕಿಟ್ ಬದಲಾಯಿಸುವುದು ಶಾಕ್ ಅಬ್ಸಾರ್ಬರ್ ಕೆಲಸವನ್ನು ಮಾತ್ರ. ಹಳೆ ಲಿವರ್ ಶಾಕ್‌ನ ತೋಳು ಮೇಲಿನ ಕೊಂಡಿಯಾಗಿ ಅಲ್ಲೇ ಉಳಿಯುತ್ತದೆ. ಕಿಂಗ್ ಪಿನ್ ಅಲ್ಲೇ. ಟ್ರನಿಯನ್ ಅಲ್ಲೇ. ನಿಪ್ಪಲ್ಲೂ ಅಲ್ಲೇ. ಅಂದರೆ ಹೊಸ ಕಿಟ್ ಹಾಕಿದ ಕಾರಿನ ಚಕ್ರವೂ ಗ್ರೀಸ್ ಇಲ್ಲದಿದ್ದರೆ ಹೀಗೇ ಮಡಚಿಕೊಳ್ಳುತ್ತೆ. ಡಿಸ್ಕ್ ಬ್ರೇಕ್ ಹಾಕಿದರೂ ಅಷ್ಟೇ. ಹೊಸ ಅಂಗಿ ಹಾಕಿಸಿದ್ದೀರಿ, ಹೊಟ್ಟೆಗೆ ಊಟ ಇಲ್ಲ.

ಸವೆದಿದ್ದರೆ ಬದಲಾಯಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಬದಲಾಯಿಸಿ, ಮನೇಲೇ ಬದಲಾಯಿಸಿ. ನಾನೂ ಶೆಡ್ಡಲ್ಲೇ ಮಾಡಿದ್ದು. ಆದರೆ ಜ್ಯಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ. ಚಾಸಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಇನ್ನೊಂದು ಜ್ಯಾಕ್ ಕೆಳಗಿನ ತೋಳಿಗೆ ಕೊಟ್ಟು ಭಾರ ತಗೊಳ್ಳಿ. ಆಮೇಲೇ ಟ್ರನಿಯನ್ ಬಿಚ್ಚಿ, ಜ್ಯಾಕ್ ನಿಧಾನ ಇಳಿಸಿ. ಟಾರ್ಷನ್ ಬಾರ್ ತಿರುಚಿಕೊಂಡೇ ಕೂತಿರುತ್ತೆ. ಸುಮ್ನೆ ಬಿಟ್ಟರೆ ಆ ತೋಳು ನಿಮ್ಮ ಕೈ ಮುರಿಯುತ್ತದೆ. ಎಡಗಡೆ ಟ್ರನಿಯನ್ ಬೇರೆ, ಬಲಗಡೆಯದು ಬೇರೆ, ಥ್ರೆಡ್ಡೇ ಉಲ್ಟಾ. ಟಾರ್ಷನ್ ಬಾರ್ ಬಿಚ್ಚಿದರೆ ಗುರುತು ಹಾಕಿಡಿ, ಅತ್ತದ್ದು ಇತ್ತ ಹೋಗಬಾರದು. ಅದರ ಮೇಲೆ ಗೀರು ಬೀಳಬಾರದು, ಗೀರು ಬಿದ್ದ ಕಡೆಯೇ ಮುರಿಯುವುದು. ಜೋಡಿಸಿದ ಮೇಲೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ಬಿಗಿ ಆಗಬಾರದು. ಪೂರ್ತಿ ಕೆಲಸವನ್ನು ಎರಡು ಭಾಗದಲ್ಲಿ ತೋರಿಸಿದ್ದೇನೆ, ಚಾನೆಲ್ಲಲ್ಲೇ ಇದೆ. ನೋಡಿ, ಇಷ್ಟ ಆದರೆ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ.

ಮತ್ತೆ ಅದೇ ಮಾತಿಗೆ ಬಂದೆ. ಹೊಸ ಟ್ರನಿಯನ್ ಹಾಕಿದ ದಿನವೇ ಗ್ರೀಸ್ ಹಾಕಿ. ಚಕ್ರ ನೆಲದ ಮೇಲಿದ್ದಾಗ ಬೇಡ, ಎತ್ತಿ ಹಾಕಿ. ಭಾರ ಇಳಿದಾಗಲೇ ಗ್ರೀಸ್ ಥ್ರೆಡ್ಡಿನ ಎರಡೂ ಬದಿಗೆ ಹೋಗುತ್ತೆ. ಮೊದಲು ಕಪ್ಪಗೆ ಬರುತ್ತೆ, ಆಮೇಲೆ ಕಂದು, ಕೊನೆಗೆ ಬೆಣ್ಣೆಯ ಹಾಗೆ ಹೊಸದು ಸುತ್ತಲೂ ಇಣುಕುತ್ತೆ. ಆಗ ನಿಲ್ಲಿಸಿ. ನಾನು ಸಾವಿರ ಮೈಲಿಗೊಮ್ಮೆ ಹಾಕುತ್ತೇನೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹತ್ತು ನಿಮಿಷದ ಕೆಲಸ!

"ಟೈಮ್ ಇಲ್ಲ" ಅಂತೀರಾ? ಈ ವಿಡಿಯೋ ನೋಡೋಕೆ ಟೈಮ್ ಇತ್ತಲ್ವಾ? "ಕೈ ಗಲೀಜಾಗುತ್ತೆ" ಅಂತೀರಾ? ಸೋಪು ಯಾಕಿದೆ? "ಮೆಕ್ಯಾನಿಕ್ ಹಾಕ್ತಾನೆ" ಅಂತೀರಾ? ನನ್ನ ಬಿಲ್ಲಲ್ಲೂ ಹಾಕಿದ್ದಾರೆ ಅಂತಲೇ ಇತ್ತು! ಇಲ್ಲ, ನೀವೇ ಹಾಕಿ. ಗ್ರೀಸ್ ಹಾಕಿ. ಅಪ್ಪನ ಕಾರೋ ತಾತನ ಕಾರೋ, ಅದರೊಳಗೆ ನಿಮ್ಮ ಮಕ್ಕಳು ಕೂತಿರುತ್ತಾರೆ ಕಣ್ರೀ, ಗ್ರೀಸ್ ಹಾಕಿ!

ಭಾನುವಾರ ಬೆಳಿಗ್ಗೆ ಲೈವ್ ಬರುತ್ತೇನೆ. ಆ ಕಾಮೆಂಟ್ ಹಾಕಿದವರೂ ಬನ್ನಿ, ನನಗೆ ಸಿಟ್ಟಿಲ್ಲ. ನಿಮ್ಮ ಕಾರಿನ ನಾಲ್ಕೂ ನಿಪ್ಪಲ್ ಬಿಚ್ಚಿ ಫೋಟೋ ಕಳಿಸಿ. ನನ್ನ ಗನ್ ತುಂಬಿಸಿಟ್ಟಿದ್ದೇನೆ, ಕಾರು ಸ್ಟ್ಯಾಂಡ್ ಮೇಲಿದೆ. ಕ್ಯಾಮೆರಾ ಆಫ್ ಮಾಡಿ ಎಡಗಡೆಯಿಂದ ಶುರು ಮಾಡುತ್ತೇನೆ.