ಕ್ಲಿಕ್ಕರ್‌ಗೆ ಕೈ ಹಾಕುವ ಮುಂಚೆ: ಡ್ಯುಯಲ್ ಸ್ಪೋರ್ಟ್ ಗಾಡಿಯ ಸಸ್ಪೆನ್ಶನ್ ಹದಕ್ಕೆ ತರುವುದು

[ದೃಶ್ಯ: ಹಿಂದಿನ ಶಾಕ್‌ನ ತಲೆಯಲ್ಲಿರುವ ಕಂಪ್ರೆಷನ್ ಸ್ಕ್ರೂ, ಹತ್ತಿರದಿಂದ. ಸ್ಕ್ರೂಡ್ರೈವರ್ ಹತ್ತಿರ ಬಂದು ತಡೆಯುತ್ತದೆ.]

ನಮಸ್ಕಾರ. ಡ್ಯುಯಲ್ ಸ್ಪೋರ್ಟ್ ಅಂದರೆ ಟಾರ್ ರಸ್ತೆಗೂ ಮಣ್ಣಿನ ಹಾದಿಗೂ ಆಗುವ ಬೈಕು. ಜಲ್ಲಿ ರಸ್ತೆಗೆ ಇಳಿದರೆ ಹ್ಯಾಂಡಲ್ ಅಂಗೈಗೆ ಕುಟ್ಟುತ್ತದೆ. ಉಬ್ಬು ದಾಟಿದ ಕೂಡಲೇ ಹಿಂದಿನ ಚಕ್ರ ಒದೆಯುತ್ತದೆ. ಟಾರ್ ರಸ್ತೆಯಲ್ಲಿ ಬ್ರೇಕ್ ಹಿಡಿದರೆ ಗಾಡಿ ಮೂತಿ ಕೆಳಗೆ ಹಾಕುತ್ತದೆ. ಹೀಗಾದಾಗ ಬಹಳ ಜನರ ಕೈ ನೇರವಾಗಿ ಹೋಗುವುದು ಈ ಪುಟ್ಟ ಸ್ಕ್ರೂಗೆ. ಇದೇ ಕ್ಲಿಕ್ಕರ್, ಡ್ಯಾಂಪಿಂಗ್ ಹೆಚ್ಚು ಕಡಿಮೆ ಮಾಡುವ ಸ್ಕ್ರೂ. ಈ ವಿಡಿಯೋದಲ್ಲಿ ಇದನ್ನು ಮುಟ್ಟುವ ಸರದಿ ಬರುವುದು ಮೂರನೆಯದಾಗಿ.

ಮೊದಲು ಘರ್ಷಣೆ, ಆಮೇಲೆ ಸ್ಪ್ರಿಂಗ್, ಅದಾದ ಮೇಲೆ ಡ್ಯಾಂಪಿಂಗ್, ಅಂದರೆ ಸ್ಪ್ರಿಂಗ್ ಕುಗ್ಗಿ ಹಿಗ್ಗುವುದಕ್ಕೆ ಎಣ್ಣೆ ಒಡ್ಡುವ ತಡೆ. ಈ ಕ್ರಮ ತಪ್ಪಿದರೆ ಮಾಡಿದ ಕೆಲಸವೆಲ್ಲ ಇನ್ನೊಮ್ಮೆ ಮಾಡಬೇಕು. ಲಿಂಕೇಜ್ (ಹಿಂದಿನ ಚಕ್ರದ ತೋಳನ್ನೂ ಶಾಕನ್ನೂ ಜೋಡಿಸುವ ಸಂದು) ಬೇರಿಂಗ್ ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಎಷ್ಟು ಕ್ಲಿಕ್ ಬಿಚ್ಚಿದರೂ ಗಾಡಿ ಮೆತ್ತಗಾಗುವುದಿಲ್ಲ. ಸವಾರನ ತೂಕಕ್ಕೆ ಹೊಂದದ ಸ್ಪ್ರಿಂಗನ್ನು ಡ್ಯಾಂಪಿಂಗ್‌ನಿಂದ ಸರಿಮಾಡಲು ಹೋದರೆ ಒಂದು ರಸ್ತೆಯಲ್ಲಿ ಸರಿಯೆನಿಸಿದ್ದು ಮುಂದಿನ ರಸ್ತೆಯಲ್ಲಿ ಕೈಕೊಡುತ್ತದೆ.

[ದೃಶ್ಯ: ಮುಂದಿನ ಚಕ್ರ, ಆಕ್ಸಲ್, ಪಿಂಚ್ ಬೋಲ್ಟ್‌ಗಳು.]

ಮುಂಭಾಗದಿಂದ ಶುರು ಮಾಡೋಣ. ಪಂಕ್ಚರ್ ಹಾಕಿಸಿದ ಮೇಲೆ ಫೋರ್ಕ್ ಬಿರುಸಾಯಿತು ಅನ್ನುವ ದೂರಿಗೆ ಹೆಚ್ಚಿನ ಸಲ ಕಾರಣ ಇಲ್ಲೇ ಇರುತ್ತದೆ. ಆಕ್ಸಲ್ ಹಾಕುವಾಗ ಫೋರ್ಕ್‌ನ ಎರಡು ಕಾಲುಗಳು ಕೆಳತುದಿಯಲ್ಲಿ ಒಂದಕ್ಕೊಂದು ಸ್ವಲ್ಪ ಒಳಕ್ಕೋ ಹೊರಕ್ಕೋ ಎಳೆದುಕೊಂಡು ಬಿಗಿಯಾಗಿಬಿಡುತ್ತವೆ. ಆಗ ಒಳಗಿನ ಬುಶ್‌ಗಳು ಕೊಳವೆಗೆ ಓರೆಯಾಗಿ ಒತ್ತುತ್ತವೆ, ಫೋರ್ಕ್ ತಡೆತಡೆದು ಜಾರುತ್ತದೆ.

ಪರಿಹಾರಕ್ಕೆ ಐದು ನಿಮಿಷ ಸಾಕು. ಆಕ್ಸಲ್ ನಟ್ ಬಿಗಿಯಾಗಿರಲಿ. ಆಕ್ಸಲ್ ಜಾರುವ ಬದಿಯಲ್ಲಿ ಅದನ್ನು ಹಿಸುಕಿ ಹಿಡಿಯುವ ಪಿಂಚ್ ಬೋಲ್ಟ್‌ಗಳನ್ನು ಸಡಿಲಿಸಿ. ಗಾಡಿಯನ್ನು ಸ್ಟ್ಯಾಂಡ್‌ನಿಂದ ಇಳಿಸಿ, ಮುಂದಿನ ಬ್ರೇಕ್ ಹಿಡಿದು, ಫೋರ್ಕನ್ನು ಐದಾರು ಸಲ ಜೋರಾಗಿ ಅದುಮಿ ಬಿಡಿ. ಕಾಲು ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಆಮೇಲೆ ಪಿಂಚ್ ಬೋಲ್ಟ್‌ಗಳನ್ನು ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ ಬಿಗಿ ಮಾಡಿ. ಇದನ್ನು ಮರೆತು ಗಾಡಿ ಹೊರಡಿಸಬೇಡಿ. ಫೋರ್ಕ್ ಕಾಲುಗಳನ್ನು ಗಾಡಿಗೆ ಹಿಡಿದಿಡುವ ಕೆಳಗಿನ ಟ್ರಿಪಲ್ ಕ್ಲ್ಯಾಂಪ್ ಬೋಲ್ಟ್‌ಗಳಿಗೂ ಟಾರ್ಕ್ ರೆಂಚ್ ಬೇಕೇ ಬೇಕು. ಅಂದಾಜಿನ ಮೇಲೆ ಗಟ್ಟಿ ಎಳೆದರೆ ಹೊರಗಿನ ಕೊಳವೆ ಅಲ್ಲಿ ಹಿಸುಕಿದಂತಾಗುತ್ತದೆ. ಅಪ್‌ಸೈಡ್ ಡೌನ್ ಫೋರ್ಕ್‌ನಲ್ಲಿ (ದಪ್ಪ ಕೊಳವೆ ಮೇಲಿರುವ ಬಗೆ) ಬುಶ್ ಓಡಾಡುವುದು ಆ ಕೊಳವೆಯ ಒಳಗೇ.

[ದೃಶ್ಯ: ಆಯಿಲ್ ಸೀಲ್‌ನಿಂದ ಜಿನುಗಿದ ಎಣ್ಣೆ, ಅದಕ್ಕೆ ಮೆತ್ತಿದ ಧೂಳು.]

ಫೋರ್ಕ್‌ನ ಆಯಿಲ್ ಸೀಲ್ ಜಿನುಗುತ್ತಿದ್ದರೆ ತಕ್ಷಣ ಹೊಸದು ಕೊಳ್ಳಬೇಡಿ. ಮಣ್ಣಿನ ಹಾದಿಯಲ್ಲಿ ಓಡಿದ ಗಾಡಿಯಲ್ಲಿ ಹಲವು ಸಲ ಸೀಲ್ ಹರಿದಿರುವುದಿಲ್ಲ, ತುಟಿಯ ಕೆಳಗೆ ಮರಳಿನ ಕಣ ಸಿಕ್ಕಿಕೊಂಡಿರುತ್ತದೆ. ಡಸ್ಟ್ ಸೀಲನ್ನು ಮೆಲ್ಲಗೆ ಎಬ್ಬಿಸಿ ಸರಿಸಿ. ಪ್ಲಾಸ್ಟಿಕ್ ಬಾಟಲಿಯಿಂದ ತೆಳ್ಳನೆಯ ಪಟ್ಟಿ ಕತ್ತರಿಸಿ, ತುದಿಯಲ್ಲಿ ಸಣ್ಣ ಕೊಕ್ಕೆ ಮಾಡಿ. ಅದನ್ನು ಸೀಲ್ ಮತ್ತು ಕೊಳವೆಯ ನಡುವೆ ತೂರಿಸಿ ಒಂದು ಸುತ್ತು ಹಾಕಿದರೆ ಕೊಳೆ ಎಣ್ಣೆಯ ಜೊತೆ ಹೊರಬರುತ್ತದೆ. ಒರೆಸಿ, ಹತ್ತು ಸಲ ಅದುಮಿ ನೋಡಿ. ಮತ್ತೆ ಜಿನುಗಿದರೆ ಮಾತ್ರ ಸೀಲ್ ಬದಲಿಸಿ.

ಬದಲಿಸುವ ಮುಂಚೆ ಫೋರ್ಕ್ ಕೊಳವೆಯ ಕ್ರೋಮ್ ಮೇಲೆ ಉಗುರಾಡಿಸಿ. ಕಲ್ಲು ಬಡಿದು ಎದ್ದ ಸಣ್ಣ ಮುಳ್ಳು ಉಗುರಿಗೆ ತಾಗಿದರೆ ಅದನ್ನು 1500 ಅಥವಾ 2000 ನಂಬರ್ ವಾಟರ್ ಪೇಪರ್‌ನಿಂದ, ಎಣ್ಣೆ ಹಚ್ಚಿ, ಮುಳ್ಳಿನ ಮೇಲಷ್ಟೇ ತೀಡಿ. ಇಲ್ಲದಿದ್ದರೆ ಅದೇ ಮುಳ್ಳು ಹೊಸ ಸೀಲನ್ನೂ ಕೆಲವೇ ದಿನದಲ್ಲಿ ತಿನ್ನುತ್ತದೆ. ಸೀಲ್ ಏರಿಸುವಾಗ ಕೊಳವೆಯ ತುದಿಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಎಣ್ಣೆ ಸವರಿ. ಆ ತುದಿಯ ಅಂಚಿಗೆ ಸಿಕ್ಕಿ ತುಟಿ ಕತ್ತರಿಸುವುದೇ ಹೆಚ್ಚು. ಇನ್ನೊಂದು ಮಾತು. ಈ ಎಣ್ಣೆ ಇಳಿದು ಬ್ರೇಕ್ ಪ್ಯಾಡ್ ಸೇರಿದರೆ ಮುಂದಿನ ಬ್ರೇಕ್ ಕೆಲಸಕ್ಕೆ ಬರುವುದಿಲ್ಲ. ಜಿನುಗುವ ಸೀಲ್‌ನ ಗಾಡಿ ಹತ್ತುವ ಮುಂಚೆ ಪ್ಯಾಡ್ ನೋಡಲೇಬೇಕು.

[ದೃಶ್ಯ: ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ. ಹಿಂದಿನ ಚಕ್ರವನ್ನು ಎರಡು ಕೈಯಲ್ಲಿ ಎತ್ತಿ ಇಳಿಸುತ್ತಿರುವುದು.]

ಈಗ ಹಿಂಭಾಗ. ಚಕ್ರ ನೆಲ ಬಿಟ್ಟಿರಲಿ. ಎರಡು ಕೈಯಲ್ಲಿ ಹಿಡಿದು ಒಂಚೂರು ಮೇಲೆತ್ತಿ. ಶಾಕ್ ಅದುಮಿಕೊಳ್ಳುವ ಮುಂಚೆಯೇ "ಟಕ್" ಅಂತ ಖಾಲಿ ಅಲುಗಾಟ ಸಿಕ್ಕರೆ ಲಿಂಕೇಜ್ ಬೇರಿಂಗೋ ಶಾಕ್‌ನ ತುದಿಯ ಬೇರಿಂಗೋ ಸವೆದಿದೆ. ಆದರೆ ಅಲುಗಾಟ ಇಲ್ಲ ಅಂದಮಾತ್ರಕ್ಕೆ ಎಲ್ಲ ಸರಿಯಿದೆ ಅಂತಲ್ಲ. ತುಕ್ಕು ಹಿಡಿದು ಕಚ್ಚಿಕೊಂಡ ಬೇರಿಂಗ್ ಅಲುಗಾಡುವುದೇ ಇಲ್ಲ! ಅದಕ್ಕೇ ವರ್ಷಕ್ಕೊಮ್ಮೆ ಲಿಂಕೇಜ್ ಬಿಚ್ಚಬೇಕು. ನೀರು, ಕೆಸರಲ್ಲಿ ಓಡುವ ಗಾಡಿಗೆ ವರ್ಷಕ್ಕೆ ಎರಡು ಸಲ. ಹೊಸ ಗಾಡಿಯಲ್ಲೂ ಕಾರ್ಖಾನೆಯಿಂದ ಬರುವ ಗ್ರೀಸ್ ಹಲವು ಸಲ ಹೆಸರಿಗಷ್ಟೇ ಇರುತ್ತದೆ.

ಬೋಲ್ಟ್ ಎಳೆಯುವ ಮುಂಚೆ ಕೆಳಗೊಂದು ತಟ್ಟೆ ಇಡಿ. ಕೆಲವು ಸೂಜಿ ಬೇರಿಂಗ್‌ಗಳಿಗೆ ಸೂಜಿಗಳನ್ನು ಜಾಗದಲ್ಲಿ ಹಿಡಿಯುವ ಪಂಜರ ಇರುವುದಿಲ್ಲ. ಒಳಗಿನ ಬುಶ್ ಹೊರಬಂದ ಕೂಡಲೇ ಸೂಜಿಗಳು ಉದುರುತ್ತವೆ, ಒಂದು ಕಳೆದರೂ ಬೇರಿಂಗ್ ಉಪಯೋಗವಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ನೀರಿಗೆ ಜಗ್ಗದ ಗ್ರೀಸ್ ತುಂಬಿ. ಬುಶ್ ಮೇಲೆ ಗೆರೆ ಬಿದ್ದಿದ್ದರೆ, ಕಂದು ಕಲೆಯಿದ್ದರೆ ಬುಶ್ ಮತ್ತು ಬೇರಿಂಗ್ ಎರಡನ್ನೂ ಬದಲಿಸಿ. ಗಾಡಿ ತೊಳೆಯುವಾಗ ಪ್ರೆಷರ್ ಗನ್ನನ್ನು ಈ ಜಾಗಕ್ಕೆ ನೇರವಾಗಿ ಹಿಡಿಯಬೇಡಿ. ಆ ಒತ್ತಡಕ್ಕೆ ನೀರು ಸೀಲ್ ದಾಟಿ ಒಳಗೆ ಕೂರುತ್ತದೆ.

[ದೃಶ್ಯ: ಅಳತೆ ಟೇಪು. ಹಿಂದಿನ ಆಕ್ಸಲ್‌ನಿಂದ ನೇರ ಮೇಲಕ್ಕೆ, ಸೀಟಿನ ಕೆಳಗೆ ಅಂಟಿಸಿದ ಬಣ್ಣದ ಟೇಪಿನ ತುಂಡಿನವರೆಗೆ.]

ಘರ್ಷಣೆಯ ಕೆಲಸ ಮುಗಿಯಿತು. ಈಗ ಸ್ಯಾಗ್. ಗಾಡಿ ತನ್ನ ತೂಕಕ್ಕೂ ನಿಮ್ಮ ತೂಕಕ್ಕೂ ಎಷ್ಟು ಕುಗ್ಗಿ ಕೂರುತ್ತದೆ ಅನ್ನುವ ಲೆಕ್ಕ ಇದು. ಮೂರು ಅಳತೆ ಬೇಕು, ಜೊತೆಗೆ ಇಬ್ಬರು ಸಹಾಯಕರು.

ಮೊದಲನೆಯದು, ಚಕ್ರ ಪೂರ್ತಿ ನೆಲ ಬಿಟ್ಟಾಗ. ಆಕ್ಸಲ್ ನಡುವಿನಿಂದ ನೇರ ಮೇಲಿನ ಗುರುತಿಗೆ 620 ಮಿ.ಮೀ. ಬಂತು ಅಂತಿಟ್ಟುಕೊಳ್ಳಿ. ಎರಡನೆಯದು, ಗಾಡಿ ತನ್ನ ಚಕ್ರಗಳ ಮೇಲೆ ನಿಂತಾಗ, ಸವಾರ ಇಲ್ಲದೆ: 595. ಮೂರನೆಯದು, ಹೆಲ್ಮೆಟ್, ಬೂಟು, ಜಾಕೆಟ್ ಎಲ್ಲ ಹಾಕಿಕೊಂಡು ಸವಾರ ಕೂತಾಗ: 545. ಒಬ್ಬರು ಮುಂದಿನಿಂದ ಹ್ಯಾಂಡಲ್ ಹಿಡಿದಿರಲಿ, ಸವಾರನ ಎರಡು ಕಾಲೂ ಫುಟ್‌ಪೆಗ್ ಮೇಲಿರಲಿ. ನೆಲಕ್ಕೆ ಬೆರಳು ತಾಗಿಸಿದರೂ ಅಳತೆ ಸುಳ್ಳಾಗುತ್ತದೆ.

620ರಲ್ಲಿ 595 ಕಳೆದರೆ 25. ಇದು ಖಾಲಿ ಸ್ಯಾಗ್. 620ರಲ್ಲಿ 545 ಕಳೆದರೆ 75. ಇದು ಸವಾರನ ಸ್ಯಾಗ್. ಚಕ್ರದ ಒಟ್ಟು ಓಡಾಟದಲ್ಲಿ (ಅದು ಮೇಲೆ ಕೆಳಗೆ ಚಲಿಸಬಲ್ಲ ದೂರ) ಸುಮಾರು ಮೂರನೇ ಒಂದು ಭಾಗ ಸವಾರನ ಸ್ಯಾಗ್‌ಗೆ ಹೋಗಬೇಕು. 240 ಮಿ.ಮೀ. ಓಡಾಟದ ಗಾಡಿಗೆ 70ರಿಂದ 80. ಮುಂಭಾಗಕ್ಕೆ ಸ್ವಲ್ಪ ಕಡಿಮೆ, ಕಾಲುಭಾಗಕ್ಕಿಂತ ತುಸು ಹೆಚ್ಚು.

ಒಂದೇ ಸಲ ಅಳೆದು ಬಿಡಬೇಡಿ. ಗಾಡಿಯನ್ನು ಕೆಳಕ್ಕೆ ಅದುಮಿ ಮೆಲ್ಲಗೆ ಬಿಟ್ಟು ಅಳೆಯಿರಿ. ಮತ್ತೆ ಮೇಲಕ್ಕೆತ್ತಿ ಮೆಲ್ಲಗೆ ಇಳಿಸಿ ಅಳೆಯಿರಿ. ಎರಡರ ಸರಾಸರಿಯೇ ನಿಮ್ಮ ಅಳತೆ, ಎರಡರ ವ್ಯತ್ಯಾಸವೇ ಘರ್ಷಣೆ. ಹಿಂದೆ 3 ಮಿ.ಮೀ. ಬಂದರೆ ಬಹಳ ಚೆನ್ನಾಗಿದೆ, 10 ಬಂದರೆ ಲಿಂಕೇಜ್ ಮತ್ತೆ ನೋಡಿ. ಮುಂದೆ 10ರ ಆಸುಪಾಸು ಒಳ್ಳೆಯದು. 30, 40 ಬಂದರೆ ಆಕ್ಸಲ್ ಕೆಲಸಕ್ಕೆ ಹಿಂತಿರುಗಿ.

[ದೃಶ್ಯ: ಶಾಕ್‌ನ ಥ್ರೆಡ್ ಮೇಲೆ ಎರಡು ಉಂಗುರಗಳು. ಬ್ರಶ್‌ನಿಂದ ಥ್ರೆಡ್ ಸ್ವಚ್ಛಗೊಳಿಸುವುದು.]

ಸ್ಯಾಗ್ ಬದಲಿಸುವುದು ಪ್ರೀಲೋಡ್ ಉಂಗುರದಿಂದ, ಅಂದರೆ ಸ್ಪ್ರಿಂಗನ್ನು ಮೊದಲೇ ಅದುಮಿಡುವ ಉಂಗುರದಿಂದ. ತಿರುಗಿಸುವ ಮುಂಚೆ ಥ್ರೆಡ್ಡಿನಲ್ಲಿರುವ ಮಣ್ಣು ಬ್ರಶ್‌ನಿಂದ ತೆಗೆದು ಎಣ್ಣೆ ಸಿಂಪಡಿಸಿ. ಮಣ್ಣಿನ ಮೇಲೇ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ. ಮೇಲಿನ ಲಾಕ್ ಉಂಗುರ ಬಿಡಿಸಿ, ಕೆಳಗಿನದನ್ನು ಸಿ-ಸ್ಪ್ಯಾನರ್‌ನಿಂದ ತಿರುಗಿಸಿ. ಲಿಂಕೇಜ್ ಇರುವ ಗಾಡಿಗಳಲ್ಲಿ ಸ್ಪ್ರಿಂಗ್ 1 ಮಿ.ಮೀ. ಅದುಮಿದರೆ ಆಕ್ಸಲ್ ಹತ್ತಿರ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಮಿ.ಮೀ. ವ್ಯತ್ಯಾಸ ಕಾಣುತ್ತದೆ. ಹಾಗಾಗಿ ಅರ್ಧರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಿರಿ.

ಪ್ರೀಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅನ್ನುವ ನಂಬಿಕೆ ಎಲ್ಲೆಲ್ಲೂ ಇದೆ. ಅದು ತಪ್ಪು. ಸ್ಪ್ರಿಂಗ್‌ನ ಗಡಸುತನ ಅದರ ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆಯಿಂದ ಬಂದದ್ದು. ಪ್ರೀಲೋಡ್ ಗಾಡಿ ನಿಲ್ಲುವ ಎತ್ತರವನ್ನಷ್ಟೇ ಬದಲಿಸುತ್ತದೆ.

ಈ ಮಾತು ಗೊತ್ತಿದ್ದರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ. ಸವಾರನ ಸ್ಯಾಗ್ 75ಕ್ಕೆ ತಂದಿರಿ, ಆದರೆ ಖಾಲಿ ಸ್ಯಾಗ್ ಬರೀ 5 ಬಂತು. ಸ್ಪ್ರಿಂಗ್ ಗಟ್ಟಿಯಾಯಿತು ಅಂತ ಅನಿಸುವುದು ಸಹಜ. ನಿಜಕ್ಕೂ ಆ ಸ್ಪ್ರಿಂಗ್ ನಿಮಗೆ ಮೆತ್ತಗಾಯಿತು! ನಿಮ್ಮ ತೂಕ ಹೊರಿಸಲು ಅದನ್ನು ಅತಿಯಾಗಿ ಅದುಮಬೇಕಾಯಿತು, ಆ ಬಲಕ್ಕೆ ಖಾಲಿ ಗಾಡಿ ತುದಿವರೆಗೂ ಎದ್ದು ನಿಂತಿದೆ. ಅದೇ ಸವಾರನ ಸ್ಯಾಗ್ 75 ಇದ್ದು ಖಾಲಿ ಸ್ಯಾಗ್ 45 ಬಂದರೆ ಸ್ಪ್ರಿಂಗ್ ನಿಮಗೆ ಗಟ್ಟಿ. ಎರಡಕ್ಕೂ ಪರಿಹಾರ ಬೇರೆ ಸ್ಪ್ರಿಂಗ್ ಒಂದೇ. ದುಬಾರಿ ಶಾಕ್ ಹಾಕಿಸುವ ಯೋಚನೆ ಇದ್ದರೆ ಮೊದಲು ಸರಿಯಾದ ಸ್ಪ್ರಿಂಗ್ ಹಾಕಿಸಿ ನೋಡಿ. ಖರ್ಚಿಗೆ ತಕ್ಕ ಫಲ ಕೊಡುವುದರಲ್ಲಿ ಇದಕ್ಕೆ ಸಾಟಿಯಿಲ್ಲ.

ಸಾಮಾನು ಹೇರಿಕೊಂಡು ಹೋಗುವವರು ಸಾಮಾನಿನ ಸಮೇತ ಇನ್ನೊಮ್ಮೆ ಅಳೆದು, ಎಷ್ಟು ಸುತ್ತು ಹೆಚ್ಚು ಬೇಕಾಯಿತು ಅಂತ ಬರೆದಿಡಿ. ಹಿಂಭಾಗ ಕುಸಿದು ಕೂತರೆ ಮುಂದಿನ ಚಕ್ರದ ಮೇಲೆ ಭಾರ ಕಡಿಮೆಯಾಗಿ ಗಾಡಿ ತಿರುವಿನಲ್ಲಿ ಹೊರಕ್ಕೆ ಎಳೆಯುತ್ತದೆ. ಹಿಂಭಾಗ ಅತಿಯಾಗಿ ಎದ್ದಿದ್ದರೆ ವೇಗದಲ್ಲಿ ಹ್ಯಾಂಡಲ್ ಚಂಚಲವಾಗುತ್ತದೆ.

[ದೃಶ್ಯ: ಮತ್ತೆ ಅದೇ ಸ್ಕ್ರೂ. ಈಗ ಸ್ಕ್ರೂಡ್ರೈವರ್ ಒಳಗೆ ಕೂರುತ್ತದೆ.]

ಈಗ ಕ್ಲಿಕ್ಕರ್. ಮೊದಲು ಈಗಿರುವ ಸ್ಥಿತಿ ಬರೆದುಕೊಳ್ಳಿ. ಸ್ಕ್ರೂವನ್ನು ಬಲಕ್ಕೆ ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸುತ್ತಾ ಕ್ಲಿಕ್ ಎಣಿಸಿ. ತುದಿ ತಾಗಿದ ಕೂಡಲೇ ನಿಲ್ಲಿಸಿ. ಬಲ ಹಾಕಿದರೆ ಒಳಗಿನ ಸೂಜಿಯ ಮೊನೆ ಹಾಳಾಗುತ್ತದೆ. ಆಮೇಲೆ ಮ್ಯಾನ್ಯುಯಲ್ ಹೇಳಿದಷ್ಟು ಕ್ಲಿಕ್ ಹೊರಕ್ಕೆ ತನ್ನಿ. ಅಲ್ಲಿಂದ ಶುರು.

ಕಂಪ್ರೆಷನ್ ಅಂದರೆ ಕುಗ್ಗುವಾಗಿನ ತಡೆ, ರೀಬೌಂಡ್ ಅಂದರೆ ಹಿಗ್ಗುವಾಗಿನ ತಡೆ. ಡ್ಯಾಂಪಿಂಗ್ ವಿಷಯದಲ್ಲಿ ಲೋ ಸ್ಪೀಡ್, ಹೈ ಸ್ಪೀಡ್ ಅನ್ನುವುದು ಗಾಡಿಯ ವೇಗವಲ್ಲ, ಶಾಕ್‌ನ ಕಡ್ಡಿ ಓಡಾಡುವ ವೇಗ. 100 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದಾಗ ಫೋರ್ಕ್ ನಿಧಾನವಾಗಿ ಕುಗ್ಗುತ್ತದೆ, ಅದು ಲೋ ಸ್ಪೀಡ್. 30ರಲ್ಲಿ ಚೂಪು ಕಲ್ಲು ಹತ್ತಿದರೆ ಅದು ಹೈ ಸ್ಪೀಡ್.

ರೀಬೌಂಡ್‌ನಿಂದ ಆರಂಭಿಸಿ. ಸೀಟನ್ನು ಜೋರಾಗಿ ಅದುಮಿ ಬಿಟ್ಟರೆ ಗಾಡಿ ಮೇಲೆ ಬಂದು ಅಲ್ಲೇ ನಿಲ್ಲಬೇಕು, ಇನ್ನೊಮ್ಮೆ ಕುಪ್ಪಳಿಸಬಾರದು. ಉಬ್ಬು ದಾಟಿದಾಗ ಸೀಟು ಒದ್ದಂತಾದರೆ ರೀಬೌಂಡ್ ಎರಡು ಕ್ಲಿಕ್ ಒಳಕ್ಕೆ. ಅಲೆಅಲೆಯಾದ ಮಣ್ಣು ರಸ್ತೆಯಲ್ಲಿ ಮೊದಲ ಕೆಲವು ಅಲೆ ಹಿತವಾಗಿದ್ದು ಆಮೇಲೆ ಬರಬರುತ್ತಾ ಬಿರುಸಾದರೆ ರೀಬೌಂಡ್ ಅತಿಯಾಗಿದೆ ಅಂತ ತಿಳಿಯಿರಿ. ಒಂದು ಅಲೆಯಿಂದ ಪೂರ್ತಿ ಹಿಗ್ಗುವ ಮುಂಚೆ ಇನ್ನೊಂದು ಅಲೆ ಬರುತ್ತದೆ, ಗಾಡಿ ಹಂತಹಂತವಾಗಿ ಕೆಳಗಿಳಿದು ಓಡಾಟವೇ ಉಳಿಯುವುದಿಲ್ಲ. ಇದನ್ನು ಕಂಪ್ರೆಷನ್ ಹೆಚ್ಚಾಗಿದೆ ಅಂತ ತಪ್ಪು ತಿಳಿಯುವವರು ಬಹಳ. ಎರಡು ಕ್ಲಿಕ್ ಹೊರಕ್ಕೆ ತಂದು ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಮತ್ತೆ ಓಡಿಸಿ.

ಕಂಪ್ರೆಷನ್‌ಗೆ ಸುಲಭದ ಸಾಕ್ಷಿ ಒಂದು ಕೇಬಲ್ ಟೈ. ಫೋರ್ಕ್‌ನ ಕ್ರೋಮ್ ಕೊಳವೆಗೆ ಸಡಿಲವಾಗಿ ಕಟ್ಟಿ ಸೀಲ್ ಹತ್ತಿರ ಸರಿಸಿ ಹೊರಡಿ. ನೀವು ಓಡಿಸುವ ಅತಿ ಕೆಟ್ಟ ಹಾದಿಯಲ್ಲಿ ಓಡಾಟದ ಕೊನೆಯ 10, 15 ಮಿ.ಮೀ. ಮಾತ್ರ ಉಳಿದರೆ ಹದ ಸರಿಯಿದೆ. 60 ಉಳಿದಿದ್ದರೆ ಕಂಪ್ರೆಷನ್ ಬಿಚ್ಚಿ. ಒಂದು ಸಲಕ್ಕೆ ಒಂದೇ ಸ್ಕ್ರೂ, ಎರಡೇ ಕ್ಲಿಕ್.

[ದೃಶ್ಯ: ಫೋರ್ಕ್ ಬೆಂಚ್ ಮೇಲೆ, ಸ್ಪ್ರಿಂಗ್ ಹೊರಗೆ. ಸ್ಟೀಲ್ ಸ್ಕೇಲ್ ಕೊಳವೆಯೊಳಗೆ.]

ಕ್ಲಿಕ್ಕರ್ ಇಲ್ಲದ ಫೋರ್ಕ್ ಇದ್ದವರಿಗೆ ಎಣ್ಣೆಯೇ ಕ್ಲಿಕ್ಕರ್. ಎಣ್ಣೆ ದಪ್ಪವಾದರೆ ಡ್ಯಾಂಪಿಂಗ್ ಹೆಚ್ಚು. ಆದರೆ ಡಬ್ಬಿ ಮೇಲಿನ 5ಡಬ್ಲ್ಯೂ, 10ಡಬ್ಲ್ಯೂ ನಂಬಿ ಕಂಪನಿ ಬದಲಿಸಬೇಡಿ. ಒಬ್ಬರ 5 ಇನ್ನೊಬ್ಬರ 5ಕ್ಕೆ ಸಮನಾಗಿರುವುದಿಲ್ಲ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಸೆಂಟಿಸ್ಟೋಕ್ (ಎಣ್ಣೆಯ ದಪ್ಪದ ಅಳತೆ) ಅನ್ನುವುದನ್ನು ಹೋಲಿಸಿ.

ಎಣ್ಣೆಯ ಮಟ್ಟ ಅಳೆಯುವುದು ಸ್ಪ್ರಿಂಗ್ ತೆಗೆದು, ಫೋರ್ಕ್ ಪೂರ್ತಿ ಕುಗ್ಗಿಸಿ, ಕೊಳವೆಯ ಬಾಯಿಂದ ಎಣ್ಣೆಯವರೆಗೆ. ಫೋರ್ಕ್ ಒಳಗೆ ಕಾರ್ಟ್ರಿಜ್ (ಡ್ಯಾಂಪಿಂಗ್ ಮಾಡುವ ಪ್ರತ್ಯೇಕ ಕೊಳವೆ) ಇದ್ದರೆ ಮೊದಲು ಅದರ ಕಡ್ಡಿಯನ್ನು ಮೇಲೆ ಕೆಳಗೆ ಆಡಿಸಿ, ತಡೆ ಒಂದೇ ಸಮ ಸಿಗುವವರೆಗೆ ಗಾಳಿ ಹೊರಗೆ ಬಿಡಿ. ಮೇಲುಳಿದ ಗಾಳಿಯೂ ಒಂದು ಸ್ಪ್ರಿಂಗೇ. ಎಣ್ಣೆ 5 ಮಿ.ಮೀ. ಏರಿಸಿದರೆ ಕೊನೆಯ ಓಡಾಟ ಗಟ್ಟಿಯಾಗುತ್ತದೆ, ಮೊದಲ ಓಡಾಟ ಹಾಗೇ ಉಳಿಯುತ್ತದೆ. ಹಳ್ಳಕ್ಕೆ ಬಿದ್ದಾಗ ಮಾತ್ರ ತಳ ಬಡಿಯುತ್ತಿದ್ದರೆ ಇದೇ ಮದ್ದು. ಫೋರ್ಕ್ ಕಳಚುವ ಮುಂಚೆ ಮೇಲಿನ ಕ್ಲ್ಯಾಂಪ್ ಸಡಿಲಿಸಿ, ಮೇಲಿನ ಕ್ಯಾಪ್ ಅಲ್ಲೇ ಒಂಚೂರು ಬಿಡಿಸಿಕೊಳ್ಳಿ. ಕೆಳಗೆ ತಂದ ಮೇಲೆ ಅದನ್ನು ಹಿಡಿದು ತಿರುಗಿಸುವುದು ಕಷ್ಟ.

[ದೃಶ್ಯ: ಶಾಕ್‌ನ ರಿಸರ್ವಾಯರ್, ನೈಟ್ರೋಜನ್ ವಾಲ್ವ್.]

ಹಿಂದಿನ ಶಾಕ್ ಒಳಗೆ ಕೈಹಾಕಬೇಡಿ. ರಿಸರ್ವಾಯರ್‌ನಲ್ಲಿ ಸಾಮಾನ್ಯವಾಗಿ 10 ಬಾರ್ ಆಸುಪಾಸಿನ ನೈಟ್ರೋಜನ್ ಇರುತ್ತದೆ, ವಾಲ್ವ್ ಒತ್ತಿ ನೋಡುವ ಕುತೂಹಲವೂ ಬೇಡ. ಕಡ್ಡಿಯ ಮೇಲೆ ಎಣ್ಣೆ ಕಂಡರೆ, ಅಥವಾ ಹೊರಟಾಗ ಸರಿಯಿದ್ದು ಕೆಟ್ಟ ಹಾದಿಯಲ್ಲಿ ಅರ್ಧ ಗಂಟೆಯಾದ ಮೇಲೆ ಗಾಡಿ ತೇಲಾಡತೊಡಗಿದರೆ, ಶಾಕ್ ಕೆಲಸ ಬಲ್ಲವರ ಹತ್ತಿರ ಹೊಸ ಎಣ್ಣೆ, ಸೀಲ್, ನೈಟ್ರೋಜನ್ ಹಾಕಿಸಿ. ಕೊಡುವಾಗ ಚೀಟಿಯಲ್ಲಿ ನಾಲ್ಕು ವಿಷಯ ಬರೆದುಕೊಡಿ: ಉಡುಪಿನ ಸಮೇತ ನಿಮ್ಮ ತೂಕ, ಹೊರುವ ಸಾಮಾನಿನ ತೂಕ, ಹೆಚ್ಚು ಓಡಿಸುವ ಹಾದಿ ಎಂಥದ್ದು, ಮತ್ತು ನೀವು ಅಳೆದ ಎರಡು ಸ್ಯಾಗ್ ಅಂಕಿಗಳು.