ಬೇಕು ಅಂತ ಕಾದಿದ್ದ ಮಗು

ಆಶಾ ಕಾರ್ಯಕರ್ತೆಯರಿಗೂ ನರ್ಸ್ ಅಕ್ಕಂದಿರಿಗೂ ನಮಸ್ಕಾರ. ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಮಗುವಿನ ತಲೆಬುರುಡೆಯೇ ಬೆಳೆದಿಲ್ಲ, ಇಲ್ಲವೇ ಎರಡೂ ಕಿಡ್ನಿ ಇಲ್ಲ ಅಂತ ಗೊತ್ತಾಗುತ್ತದೆ. ಅಪ್ಪ ಅಮ್ಮ ಬಸಿರು ತೆಗೆಸಲು ಒಪ್ಪುತ್ತಾರೆ. ಆಮೇಲೆ ಅವರಿಗೆ ಏನಾಗುತ್ತದೆ ಅನ್ನುವುದೇ ಇವತ್ತಿನ ಮಾತು.

ಇವರು ಮಗು ಬೇಡ ಅಂತ ಬಂದವರಲ್ಲ. ಆ ಹೊತ್ತಿಗೆ ಹೊಟ್ಟೆಯಲ್ಲಿ ಮಗು ಅಲುಗಾಡುವುದು ಗೊತ್ತಾಗುತ್ತಿರುತ್ತದೆ, ಕೆಲವರ ಮನೆಯಲ್ಲಿ ಸೀಮಂತಕ್ಕೆ ದಿನವನ್ನೂ ನೋಡಿರುತ್ತಾರೆ. ಹಾಗಾಗಿ ಇದು ಮಗು ಸತ್ತ ದುಃಖವೇ. ಅದರ ಮೇಲೆ 'ನಾನೇ ಸಹಿ ಹಾಕಿದೆ' ಅನ್ನುವ ಭಾರ ಬೇರೆ. ತಾನಾಗೇ ಹೋಗಿದ್ದರೆ ಅಳಬಹುದಿತ್ತು, ಒಪ್ಪಿಕೊಂಡವಳು ಯಾವ ಮುಖ ಇಟ್ಟುಕೊಂಡು ಅಳಲಿ ಅಂತ ತಾಯಂದಿರು ಕೇಳುತ್ತಾರೆ. ಅಳಬಹುದು ಅಮ್ಮಾ, ಖಂಡಿತ ಅಳಬಹುದು. ನಿರ್ಧಾರ ಸರಿ ಅನ್ನಿಸಿದವರಿಗೂ ಸಂಕಟ ಆಗುತ್ತದೆ. ಸಂಕಟ ಆಯಿತು ಅಂದ ಮಾತ್ರಕ್ಕೆ ನಿರ್ಧಾರ ತಪ್ಪು ಅಂತಲ್ಲ.

ಇಷ್ಟು ತಿಂಗಳಾದ ಮೇಲೆ ಸಾಮಾನ್ಯವಾಗಿ ಮಾತ್ರೆ ಕೊಟ್ಟು ನೋವು ಬರಿಸುತ್ತಾರೆ. ಅಂದರೆ ಅವಳು ಹೆರುತ್ತಾಳೆ. ಎಷ್ಟೋ ಕಡೆ ಹೆರಿಗೆ ವಾರ್ಡಿನಲ್ಲೇ ಮಲಗಿಸುತ್ತಾರೆ, ಪಕ್ಕದ ಬೆಡ್ಡಿನ ಮಗು ರಾತ್ರಿಯೆಲ್ಲ ಅಳುವುದು ಇವಳ ಕಿವಿಗೆ ಬೀಳುತ್ತಿರುತ್ತದೆ. ಮನೆಗೆ ಬಂದ ಎರಡು ಮೂರು ದಿನಕ್ಕೆ ಎದೆಯಲ್ಲಿ ಹಾಲು ಬರಬಹುದು. ಹೀಗೆ ಆಗಬಹುದು, ಹಾಲು ನಿಲ್ಲಿಸಲು ಡಾಕ್ಟರ್ ಹತ್ತಿರ ಮಾತ್ರೆ ಇದೆ ಅಂತ ಮೊದಲೇ ಒಂದು ಮಾತು ಹೇಳಬಹುದಲ್ವಾ? ಬಾಣಂತನವೂ ಇಲ್ಲ. ಮಗುವೇ ಇಲ್ಲ, ಇನ್ನೇನು ಬಾಣಂತನ ಅಂತ ಮೂರನೇ ದಿನಕ್ಕೇ ಒಲೆ ಮುಂದೆ ನಿಲ್ಲಿಸುತ್ತಾರೆ. ಜೊತೆಗೆ ಗ್ರಹಣದ ದಿನ ಹೊರಗೆ ಹೋಗಿದ್ದೆಯಾ, ಏನು ತಿಂದೆ, ಯಾರ ಕಡೆಯ ದೋಷ ಅಂತ ವಿಚಾರಣೆ. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಇದನ್ನು ಅತ್ತೆಯ ಎದುರಿಗೇ ಹೇಳಿ.

ನೆದರ್‌ಲ್ಯಾಂಡ್ಸ್‌ನಲ್ಲಿ ಇಂಥ 254 ಹೆಂಗಸರನ್ನು 2ರಿಂದ 7 ವರ್ಷದ ನಂತರ ವಿಚಾರಿಸಿ, 2005ರಲ್ಲಿ ವರದಿ ಮಾಡಿದರು. ಹೆಚ್ಚಿನವರು ದುಃಖಕ್ಕೆ ಹೊಂದಿಕೊಂಡಿದ್ದರು. ಆದರೆ ನೂರಕ್ಕೆ ಸುಮಾರು 17 ಮಂದಿಯಲ್ಲಿ ಆಘಾತದ ಲಕ್ಷಣ ಆಗಲೂ ಜೋರಾಗಿಯೇ ಇತ್ತು. ಗಂಡನ ಆಸರೆ ಕಡಿಮೆ ಸಿಕ್ಕವರ ಸ್ಥಿತಿ ಹೆಚ್ಚು ಕಷ್ಟವಾಗಿತ್ತು. ನನಗೆ ಇದೇ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ನಮ್ಮಲ್ಲಿ ಗಂಡನನ್ನು ಯಾರೂ ಮಾತಾಡಿಸುವುದೇ ಇಲ್ಲ. ಅವನು ಬಿಲ್ ಕಟ್ಟುತ್ತಾನೆ, ಊರಿಗೆ ಫೋನ್ ಮಾಡುತ್ತಾನೆ, ಮರುದಿನ ಕೆಲಸಕ್ಕೆ ಹೋಗುತ್ತಾನೆ. ಹೆಂಡತಿ ಎದುರು ಅತ್ತರೆ ಅವಳು ಇನ್ನೂ ಕುಗ್ಗುತ್ತಾಳೆ ಅಂತ ಬಾಯಿ ಬಿಡುವುದಿಲ್ಲ. ಅವಳಿಗೆ ಅದು 'ಇವರಿಗೆ ಏನೂ ಅನ್ನಿಸಿಲ್ಲ' ಅಂತ ಕಾಣುತ್ತದೆ. ಇಬ್ಬರೂ ಒಂದೇ ಮಗುವಿಗಾಗಿ ಬೇರೆ ಬೇರೆ ಕೋಣೆಯಲ್ಲಿ ಅಳುತ್ತಾರೆ.

ಇನ್ನು ಜನರ ಬಾಯಿ. ಐದು ತಿಂಗಳಿಗೆ ತೆಗೆಸಿದರು ಅಂದರೆ ಹೆಣ್ಣು ಅಂತ ತೆಗೆಸಿರಬೇಕು ಅನ್ನುತ್ತಾರೆ. ಆ ಹೆದರಿಕೆಗೆ ಎಷ್ಟೋ ಮಂದಿ ತಾನಾಗೇ ಹೋಯಿತು ಅಂತ ಸುಳ್ಳು ಹೇಳಿ, ಆ ಸುಳ್ಳನ್ನೂ ಹೊತ್ತು ತಿರುಗುತ್ತಾರೆ. ಬಸಿರು ತೆಗೆಸುವ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಮಗುವಿಗೆ ಗಂಭೀರ ದೋಷವಿದೆ ಅಂತ ವೈದ್ಯಕೀಯ ಮಂಡಳಿ ಹೇಳಿದರೆ 24 ವಾರ ದಾಟಿದ ಮೇಲೂ ಅವಕಾಶವಿದೆ. ಹೆಂಗಸಿನ ಹೆಸರು ಗುಟ್ಟಾಗಿಡಬೇಕು ಅನ್ನುವುದೂ ಅದೇ ಕಾನೂನಿನಲ್ಲಿದೆ. ಹಾಗಾಗಿ ವಾರ್ಡಿನ ಮಾತು ನಿಮ್ಮ ಬಾಯಿಂದ ಬೀದಿಗೆ ಹೋಗಕೂಡದು. ಹೆರಿಗೆ ರಜೆಯ ಕಾನೂನು ಅನ್ವಯಿಸುವ ಕಡೆ ಕೆಲಸ ಮಾಡುವವರಿಗೆ ಆರು ವಾರ ಸಂಬಳ ಸಹಿತ ರಜೆ ಇದೆ. ಅರ್ಜಿ ಹಾಕುವುದಕ್ಕೆ ಸಹಾಯ ಮಾಡಿ.

ಇನ್ನೊಂದು ಆಗುತ್ತೆ ಬಿಡು ಅಂತ ಮಾತ್ರ ಹೇಳಬೇಡಿ. ಮಗುವನ್ನು ನೋಡಬೇಕಾ ಅಂತ ಕೇಳಿ, ಬೇಡ ಅಂದರೆ ಬಲವಂತ ಬೇಡ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನುವ ಮಾತು ಬಂದರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ನೀವೇ ಎದುರಿಗೆ ಕೂತು ಫೋನ್ ಹಚ್ಚಿಕೊಡಿ. ಹಗಲು ರಾತ್ರಿ ಯಾವಾಗಲೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಆಶಾ ಅಕ್ಕಂದಿರೇ, ಮಗು ಹುಟ್ಟಿದ ಮನೆಗೆ ನೀವು ತಪ್ಪದೆ ಹೋಗುತ್ತೀರಿ. ಈ ಮನೆ ನಿಮ್ಮ ಪಟ್ಟಿಯಲ್ಲಿ ಇರುವುದಿಲ್ಲ, ಆದರೂ ಹೋಗಿ. ಎದೆ ಕಟ್ಟಿದೆಯಾ, ಜ್ವರ ಇದೆಯಾ ಅಂತ ಅವಳನ್ನು ಕೇಳಿ. ಆಮೇಲೆ ಅವನನ್ನೂ ಕರೆದು, ನೀವು ಹೇಗಿದ್ದೀರಿ ಅಂತ ಕೇಳಿ.